ಬೀಗ ಕಳಚಿ ಚಿಲಕ ಹಾಕಿದ ಕತೆ

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರ ಕೆಲಸ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಮಾಡಿನಿಂದ ಇಳಿದು ಹೋದ ಮೇಲೆ ಮನೆ ಮೊದಲಿನ ಹಾಗೇ ಕಾಣುತ್ತದೆ. ಸೋರದೆ ಇರುವುದೊಂದೇ ಅವರು ಬಂದುಹೋದದ್ದರ ಗುರುತು. ಸಾಫ್ಟ್‌ವೇರಿನಲ್ಲಿ ಇಂಥ ಕೆಲಸಕ್ಕೆ ರೀಫ್ಯಾಕ್ಟರಿಂಗ್ ಎನ್ನುತ್ತಾರೆ. ಹೊರಗಿನಿಂದ ನೋಡುವವರಿಗೆ ನಡವಳಿಕೆ ಒಂದಿಷ್ಟೂ ಬದಲಾಗಬಾರದು, ಒಳಗಿನ ಕಟ್ಟಡ ಮಾತ್ರ ಬದಲಾಗಬೇಕು. 2019ರ ಏಪ್ರಿಲ್‌ನಲ್ಲಿ ನೀಲ್ ಬ್ರೌನ್ ಎಂಬ ಪ್ರೋಗ್ರಾಮರ್ ಲಿನಕ್ಸ್ ಕರ್ನಲ್ಲಿನ ಒಂದು ಮೂಲೆಯಲ್ಲಿ ಹೀಗೆ ಕೈಯಾಡಿಸಿದರು. ಅಲ್ಲಿದ್ದ ಬೀಗಗಳ ಸಾಲೊಂದನ್ನು ಪೂರ್ತಿಯಾಗಿ ತೆಗೆದುಹಾಕಿ, ಅವುಗಳ ಕೆಲಸವನ್ನು ಒಂದೊಂದು ಬಿಟ್‌ಗೆ ಒಪ್ಪಿಸಿದರು. ಆ ವರ್ಷದ ಜುಲೈನಲ್ಲಿ ಬಂದ 5.2ನೇ ಆವೃತ್ತಿಯ ಜೊತೆಗೆ ಅದು ಜಗತ್ತಿನ ಯಂತ್ರಗಳೊಳಗೆ ಸೇರಿಹೋಯಿತು. ಬಳಸುವ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಎಂಬುದೇ ಅದರ ಗುರಿಯಾಗಿತ್ತು.

ನಾನು ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಒಂದೇ ವಸ್ತುವಿಗೆ ಹಲವರು ಏಕಕಾಲಕ್ಕೆ ಕೈಹಾಕಿದಾಗ ಅದು ಕೆಡದಂತೆ ಕಾಯುವ ಪ್ರೋಗ್ರಾಮುಗಳನ್ನು ಓದುವುದು ನನ್ನ ಕೆಲಸ. ಮೇಲೆ ಹೇಳಿದ ಬದಲಾವಣೆಯನ್ನು ನಾನು ತಿಂಗಳುಗಟ್ಟಲೆ ಓದಿದ್ದೇನೆ. ಒಂದು ಕತೆಯನ್ನು ಓದುವ ಹಾಗೆ, ಈ ಸಾಲು ಇಲ್ಲೇಕಿದೆ, ಇದನ್ನು ತೆಗೆದರೆ ಏನು ಕುಸಿಯುತ್ತದೆ ಎಂದು ಕೇಳಿಕೊಳ್ಳುತ್ತಾ ಓದಿದ್ದೇನೆ. ಪ್ರೋಗ್ರಾಮಿಂಗ್ ಬಾರದವರಿಗೂ ಇದನ್ನು ಹೇಳಬಹುದು ಎಂದು ನನಗನ್ನಿಸಿದೆ. ಯಾಕೆಂದರೆ ಇದರ ತಿರುಳಿನಲ್ಲಿರುವುದು ಗೂಡು, ವಿಳಾಸ, ಬಾಗಿಲು, ಕಾಯುವಿಕೆ. ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ.

ಮೊದಲು ಗೂಡು. ಅಂಚೆ ಕಚೇರಿಯ ಒಳಕೋಣೆಯಲ್ಲಿ ಕಾಗದ ವಿಂಗಡಿಸುವ ಮರದ ಗೂಡುಗಳನ್ನು ನೀವು ನೋಡಿರಬಹುದು. ಸಾವಿರ ಕಾಗದಗಳ ರಾಶಿಯಲ್ಲಿ ಒಂದನ್ನು ಹುಡುಕುವುದಕ್ಕಿಂತ, ಅದು ಯಾವ ಗೂಡಿನಲ್ಲಿ ಇರಬೇಕೋ ಅಲ್ಲಿಗೇ ಹೋಗಿ ಆ ಏಳೆಂಟು ಕಾಗದಗಳಲ್ಲಿ ಹುಡುಕುವುದು ಸುಲಭ. ಹ್ಯಾಶ್ ಟೇಬಲ್ ಎಂದರೆ ಇಷ್ಟೇ. ವಸ್ತುವಿನ ಹೆಸರನ್ನೋ ಸಂಖ್ಯೆಯನ್ನೋ ಒಂದು ಲೆಕ್ಕಕ್ಕೆ ಹಾಕಿದರೆ ಗೂಡಿನ ನಂಬರು ಬರುತ್ತದೆ. ಒಂದೇ ಗೂಡಿಗೆ ಹಲವು ವಸ್ತುಗಳು ಬಂದರೆ ಅವು ಒಂದರ ಕೈ ಒಂದು ಹಿಡಿದು ಸರಪಳಿಯಾಗಿ ನಿಲ್ಲುತ್ತವೆ. ಗೂಡಿನಲ್ಲಿ ಮೊದಲನೆಯದರ ವಿಳಾಸ, ಮೊದಲನೆಯದರಲ್ಲಿ ಎರಡನೆಯದರ ವಿಳಾಸ, ಹೀಗೆ ಕೊನೆಯವರೆಗೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1953ರಲ್ಲೇ ಒಂದು ಆಂತರಿಕ ಟಿಪ್ಪಣಿಯಲ್ಲಿ ಈ ಉಪಾಯವನ್ನು ಬರೆದಿಟ್ಟಿದ್ದರು.

ಲಿನಕ್ಸ್ ಕರ್ನಲ್ಲಿನಲ್ಲಿ ಇಂಥ ಟೇಬಲ್ಲುಗಳು ಹಲವಿವೆ. ನಾನು ಹೇಳುತ್ತಿರುವುದರ ಹೆಸರು ಆರ್‌ಹ್ಯಾಶ್‌ಟೇಬಲ್. ಆ ‘ಆರ್’ ಗಾತ್ರ ಬದಲಿಸಬಲ್ಲದ್ದು ಎಂಬುದರ ಸೂಚನೆ. ಗೂಡುಗಳ ಶೇ. 75ಕ್ಕಿಂತ ಹೆಚ್ಚು ವಸ್ತುಗಳು ಸೇರಿದರೆ ಅದು ತಾನೇ ದೊಡ್ಡದಾಗುತ್ತದೆ. ಶೇ. 30ಕ್ಕಿಂತ ಕಡಿಮೆಯಾದರೆ, ಬೇಕೆಂದು ಹೇಳಿದ್ದಲ್ಲಿ, ಚಿಕ್ಕದಾಗುತ್ತದೆ. ಥಾಮಸ್ ಗ್ರಾಫ್ 2014ರಲ್ಲಿ ಇದನ್ನು 3.17ನೇ ಆವೃತ್ತಿಗೆ ಸೇರಿಸಿದರು. ಮರುವರ್ಷ ಹರ್ಬರ್ಟ್ ಶು ಅದು ಬೆಳೆಯುವ ವಿಧಾನವನ್ನೇ ಬದಲಿಸಿದರು. ಜಾಲದ ಕೆಲಸಗಳಲ್ಲಿ ಇದರ ಬಳಕೆ ಹೆಚ್ಚು. ಕರ್ನಲ್ ಮತ್ತು ಪ್ರೋಗ್ರಾಮುಗಳು ಮಾತಾಡಿಕೊಳ್ಳುವ ನೆಟ್‌ಲಿಂಕ್ ಎಂಬ ದಾರಿಯ ಲೆಕ್ಕವೂ, ವೈಫೈಗೆ ಸೇರಿಕೊಂಡ ಸಾಧನಗಳ ಲೆಕ್ಕವೂ ಇಂಥ ಟೇಬಲ್ಲುಗಳಲ್ಲೇ ಇರುತ್ತವೆ.

ಇಲ್ಲಿಂದ ತೊಂದರೆ ಶುರು. ಇಂದಿನ ಯಂತ್ರದಲ್ಲಿ ಕೆಲಸಗಾರ ಒಬ್ಬನಲ್ಲ. ಕೈಯಲ್ಲಿರುವ ಫೋನಿನೊಳಗೇ ಎಂಟು ಪ್ರೊಸೆಸರ್‌ಗಳು ಇರಬಹುದು. ಒಂದು ಗೂಡಿನ ಮುಂದೆ ಇಬ್ಬರು ನಿಂತಿದ್ದಾರೆ ಎಂದುಕೊಳ್ಳಿ, ರಂಗ ಮತ್ತು ನಿಂಗ. ಇಬ್ಬರ ಕೈಯಲ್ಲೂ ಒಂದೊಂದು ಹೊಸ ಕಾಗದ. ಗೂಡಿನಲ್ಲಿ ಈಗ ಮೊದಲಿರುವುದು ‘ಕ’. ರಂಗ ಅದನ್ನು ನೋಡಿ, ತನ್ನ ಕಾಗದದ ಮೇಲೆ ‘ನನ್ನ ನಂತರ ಕ’ ಎಂದು ಬರೆಯುತ್ತಾನೆ. ಅದೇ ಗಳಿಗೆಯಲ್ಲಿ ನಿಂಗನೂ ತನ್ನದರ ಮೇಲೆ ‘ನನ್ನ ನಂತರ ಕ’ ಎಂದು ಬರೆಯುತ್ತಾನೆ. ರಂಗ ಗೂಡಿನ ಮೇಲೆ ‘ಮೊದಲನೆಯದು ನನ್ನದು’ ಎಂದು ಗುರುತು ಹಾಕುತ್ತಾನೆ. ಮರುಕ್ಷಣವೇ ನಿಂಗ ಅದನ್ನು ಅಳಿಸಿ ತನ್ನ ಗುರುತು ಹಾಕುತ್ತಾನೆ. ಈಗ ಗೂಡಿನಿಂದ ಹೊರಟರೆ ನಿಂಗನ ಕಾಗದ ಸಿಗುತ್ತದೆ, ಅದರ ನಂತರ ‘ಕ’ ಸಿಗುತ್ತದೆ. ರಂಗನ ಕಾಗದ ಮಾತ್ರ ಎಲ್ಲಿಯೂ ಇಲ್ಲ. ಯಾರೂ ತಪ್ಪು ಮಾಡಿಲ್ಲ, ಇಬ್ಬರೂ ನಿಯಮದಂತೆಯೇ ನಡೆದಿದ್ದಾರೆ. ಇಂಥ ನಷ್ಟ ದಿನಕ್ಕೊಮ್ಮೆಯೂ ಆಗದಿರಬಹುದು, ಕೋಟಿಗೊಮ್ಮೆ ಆಗಬಹುದು. ಮತ್ತೆ ಓಡಿಸಿ ನೋಡಿದರೆ ಎಲ್ಲ ಸರಿಯಾಗಿರುತ್ತದೆ. ಅದಕ್ಕೇ ಈ ಬಗೆಯ ದೋಷ ಹುಡುಕುವುದು ಕಷ್ಟ.

‘ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬರಬಾರದು’ ಎಂಬ ಸಮಸ್ಯೆಯನ್ನು ಡೈಕ್ಸ್ಟ್ರಾ 1965ರಲ್ಲಿ ಒಂದು ಚಿಕ್ಕ ಬರಹದಲ್ಲಿ ಸ್ಪಷ್ಟವಾಗಿ ಮುಂದಿಟ್ಟು, ಅದಕ್ಕೊಂದು ಪರಿಹಾರವನ್ನೂ ಕೊಟ್ಟರು. ಅಂದಿನಿಂದ ಬೀಗಗಳ ಚರಿತ್ರೆ ನಡೆದೇ ಇದೆ. ಅತಿ ಸರಳ ಉಪಾಯವೆಂದರೆ ಇಡೀ ಮನೆಗೆ ಒಂದೇ ಬೀಗ. 1996ರ ಲಿನಕ್ಸ್ 2.0ರಲ್ಲಿ ಹಾಗೇ ಮಾಡಿದ್ದರು. ಅದಕ್ಕೆ ಬಿಗ್ ಕರ್ನಲ್ ಲಾಕ್ ಎಂದು ಹೆಸರು. ಅಡಿಗೆಮನೆಯಲ್ಲಿ ಒಬ್ಬರಿದ್ದರೆ ಜಗಲಿಗೂ ಯಾರೂ ಬರುವಂತಿಲ್ಲ ಎಂಬಂಥ ವ್ಯವಸ್ಥೆ ಅದು. ಅದನ್ನು ಕೋಣೆಕೋಣೆಯಾಗಿ ಬಿಡಿಸುತ್ತಾ ಬಂದು ಕೊನೆಗೆ ಪೂರ್ತಿ ತೆಗೆದದ್ದು 2011ರಲ್ಲಿ. ಹಾಕಿದ್ದನ್ನು ತೆಗೆಯಲು ಹದಿನೈದು ವರ್ಷ ಹಿಡಿಯಿತು. ಆ ಒಂದು ಬೀಗ ಏನೇನನ್ನು ಕಾಯುತ್ತಿದೆ ಎಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಪ್ರತಿ ಜಾಗದಲ್ಲೂ ಯಾರೋ ಒಬ್ಬರು ಕೂತು ಓದಿ, ಇಲ್ಲಿ ಅದು ಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾಗಿತ್ತು.

ಆರ್‌ಹ್ಯಾಶ್‌ಟೇಬಲ್‌ನಲ್ಲಿ ಓದುವವರಿಗೆ ಬೀಗವೇ ಇಲ್ಲ. ಅಲ್ಲಿರುವುದು 2002ರಲ್ಲಿ ಲಿನಕ್ಸ್‌ಗೆ ಬಂದ ಆರ್‌ಸಿಯು ಎಂಬ ಪದ್ಧತಿ. ಅದರ ನಿಯಮ ಸುಲಭ. ಬರೆಯುವವರು ಹೊಸದನ್ನು ಪೂರ್ತಿ ಸಿದ್ಧಮಾಡಿದ ಮೇಲೆಯೇ ಅದರ ವಿಳಾಸವನ್ನು ಹೊರಗಿಡಬೇಕು. ಹಳೆಯದನ್ನು ಸರಪಳಿಯಿಂದ ಬಿಡಿಸಿದರೂ ಕೂಡಲೇ ನಾಶ ಮಾಡಬಾರದು. ಆ ಹೊತ್ತಿಗೆ ಅದನ್ನು ಓದುತ್ತಿದ್ದವರೆಲ್ಲ ಓದಿ ಮುಗಿಸುವವರೆಗೆ ಕಾಯಬೇಕು. ಓದುವವರು ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ. ಭಾರವೆಲ್ಲ ಬರೆಯುವವರದ್ದು. ಇದನ್ನು ಮೊದಲ ಸಲ ಓದಿದಾಗ ಒಂದು ಬಗೆಯ ಸಂತೋಷವಾಗಿತ್ತು. ಓದುಗರ ಬಗ್ಗೆ ಇಷ್ಟು ಕಾಳಜಿ ಇರುವ ನಿಯಮವನ್ನು ಯಂತ್ರದ ಹೊಟ್ಟೆಯೊಳಗೆ ಕಾಣುತ್ತೇನೆಂದು ನಾನು ಎಣಿಸಿರಲಿಲ್ಲ.

ಓದುಗರಿಗೆ ಸ್ವಾತಂತ್ರ್ಯ ಕೊಟ್ಟರೆ ಅವರು ದಾರಿ ತಪ್ಪುವ ಸಾಧ್ಯತೆಯೂ ಇರುತ್ತದೆ. ಟೇಬಲ್ ದೊಡ್ಡದಾಗುವಾಗ ಹಳೆಯ ಗೂಡಿನ ವಸ್ತುಗಳನ್ನು ಒಂದೊಂದಾಗಿ ಹೊಸ ಟೇಬಲ್ಲಿಗೆ ಸಾಗಿಸಬೇಕು. ಸಾಗಿಸುವುದು ಸರಪಳಿಯ ಕೊನೆಯಿಂದ. ಮೊದಲನೆಯದನ್ನೇ ಎತ್ತಿದರೆ, ಅದರ ಮೇಲೆ ಕಣ್ಣಿಟ್ಟಿದ್ದ ಓದುಗ ಅದರ ಜೊತೆಗೇ ಹೊಸ ಸರಪಳಿಗೆ ಹೋಗಿ, ಹಳೆಯದರಲ್ಲಿ ಉಳಿದವುಗಳನ್ನು ನೋಡದೇ ಬಿಡುತ್ತಾನೆ. ಕೊನೆಯದರ ಹಿಂದೆ ಯಾರೂ ಇಲ್ಲದ್ದರಿಂದ ಅದನ್ನು ಎತ್ತಿದರೆ ಆ ನಷ್ಟವಿಲ್ಲ. ಆದರೂ ಓದುತ್ತಾ ಓದುತ್ತಾ ಬೇರೆ ಸರಪಳಿಯೊಳಗೆ ಜಾರಿಬಿಟ್ಟರೆ? ಅದಕ್ಕೆಂದೇ ಪ್ರತಿ ಸರಪಳಿಯ ತುದಿಯಲ್ಲೂ ಒಂದು ಗುರುತು ಇರುತ್ತದೆ. ‘ಇಲ್ಲಿಗೆ ಮುಗಿಯಿತು’ ಎನ್ನುವುದರ ಜೊತೆಗೆ ‘ಇದು ಇಂಥ ಗೂಡಿನ ಸರಪಳಿ’ ಎಂದೂ ಅದು ಹೇಳುತ್ತದೆ. ತಾನು ಹೊರಟ ಗೂಡಿನ ಗುರುತು ತುದಿಯಲ್ಲಿ ಸಿಗದಿದ್ದರೆ ಓದುಗನಿಗೆ ಜಾರಿದ್ದು ಗೊತ್ತಾಗುತ್ತದೆ. ಅವನು ಮತ್ತೆ ಮೊದಲಿನಿಂದ ಓದುತ್ತಾನೆ. ಆ ಗುರುತು ಯಾವುದೇ ವಸ್ತುವಿನ ವಿಳಾಸವಲ್ಲ ಎಂದು ತಿಳಿಸಲು ಅದರ ಕೊನೆಯ ಬಿಟ್ಟನ್ನು 1 ಮಾಡಿಟ್ಟಿರುತ್ತಾರೆ. ಈ ಬಿಟ್ಟನ್ನು ನೆನಪಿಡಿ, ಮುಂದೆ ಇದರ ಮೇಲೆ ಜಗಳ ಬರುತ್ತದೆ.

ಬೀಗ ಬೇಕಿರುವುದು ಬರೆಯುವವರಿಗೆ, ಅಂದರೆ ರಂಗ ಮತ್ತು ನಿಂಗರಿಗೆ. 2019ರವರೆಗೆ ಆ ಬೀಗಗಳನ್ನು ಗೂಡುಗಳಿಂದ ಬೇರೆಯಾಗಿ, ಒಂದು ಪ್ರತ್ಯೇಕ ಸಾಲಿನಲ್ಲಿ ಇಟ್ಟಿದ್ದರು. ಗೂಡಿಗೊಂದು ಬೀಗವಿಟ್ಟರೆ ಸ್ಮೃತಿ ಹೆಚ್ಚು ಬೇಕಾಗುತ್ತದೆಂದು ಎರಡು ಗೂಡಿಗೆ ಒಂದಕ್ಕಿಂತ ಹೆಚ್ಚು ಬೀಗ ಇರುತ್ತಿರಲಿಲ್ಲ. ದೊಡ್ಡ ಟೇಬಲ್ಲುಗಳಲ್ಲಿ ಒಂದೇ ಬೀಗಕ್ಕೆ ಇನ್ನೂ ಹೆಚ್ಚು ಗೂಡುಗಳು ಗಂಟುಬೀಳುತ್ತಿದ್ದವು. ಎಷ್ಟು ಬೀಗ ಬೇಕು ಎಂದು ತೀರ್ಮಾನಿಸುವ ಒಂದು ಸೂತ್ರ, ಅದನ್ನು ಬದಲಿಸಲು ಒಂದು ಆಯ್ಕೆ, ಟೇಬಲ್ ಬೆಳೆದಾಗಲೆಲ್ಲ ಹೊಸ ಸಾಲು ಹುಟ್ಟಿಸುವ ಕೆಲಸ, ಎಲ್ಲವೂ ಇತ್ತು. ಗೂಡಿನ ಬಳಿ ಹೋಗುವ ಮೊದಲು ಬೀಗದ ಬಳಿ ಹೋಗಬೇಕಿತ್ತು. ಪ್ರೊಸೆಸರಿಗೆ ಸ್ಮೃತಿಯ ಬೇರೊಂದು ತುಣುಕನ್ನು ಹತ್ತಿರ ತಂದುಕೊಳ್ಳುವುದು ದುಬಾರಿ. ಬಾಗಿಲು ಒಂದು ಕಡೆ, ಬೀಗ ಇನ್ನೊಂದು ಓಣಿಯಲ್ಲಿ ಎಂಬ ಸ್ಥಿತಿ ಅದು.

ನೀಲ್ ಬ್ರೌನ್ ಮಾಡಿದ್ದನ್ನು ಕನ್ನಡದಲ್ಲಿ ಹೇಳುವುದು ಇಂಗ್ಲಿಷಿಗಿಂತ ಸುಲಭ. ಇಂಗ್ಲಿಷಿನ ಲಾಕ್ ಎಂಬ ಒಂದೇ ಮಾತು ಎರಡು ವಸ್ತುಗಳನ್ನೂ ನುಂಗಿಬಿಡುತ್ತದೆ. ನಮ್ಮಲ್ಲಿ ಬೀಗ ಬೇರೆ, ಚಿಲಕ ಬೇರೆ. ಬೀಗ ಬಾಗಿಲಿನಿಂದ ಬೇರೆಯಾಗಿರುವ ವಸ್ತು. ಅದನ್ನು ಎಲ್ಲಿಟ್ಟೆವೆಂದು ನೆನಪಿಡಬೇಕು, ತರಬೇಕು, ಹಾಕಬೇಕು. ಚಿಲಕ ಬಾಗಿಲಿಗೇ ಸೇರಿದ್ದು, ಬಾಗಿಲ ಬಳಿ ಹೋದವರಿಗೆ ಕೈಗೆ ಸಿಗುತ್ತದೆ. ಅವರು ಬೀಗಗಳ ಸಾಲನ್ನು ತೆಗೆದು ಪ್ರತಿ ಗೂಡಿಗೂ ಒಂದು ಚಿಲಕ ಇಟ್ಟರು.

ಚಿಲಕಕ್ಕೆ ಜಾಗ ಎಲ್ಲಿಂದ ಬಂತು? ಒಂದು ಬೀದಿಯ ಮನೆ ನಂಬರುಗಳೆಲ್ಲ 10, 20, 30 ಎಂದೇ ಇವೆ ಎಂದುಕೊಳ್ಳಿ. ಕೊನೆಯ ಅಂಕಿ ಯಾವಾಗಲೂ ಸೊನ್ನೆ. ಆ ಜಾಗದಲ್ಲಿ 1 ಎಂದು ಬರೆದರೂ ಮನೆ ಯಾವುದೆಂದು ಯಾರಿಗೂ ಗೊಂದಲವಾಗುವುದಿಲ್ಲ. ಹಾಗಾಗಿ ಅಲ್ಲಿ ಬೇರೊಂದು ಸುದ್ದಿ ಬರೆಯಬಹುದು. ಸ್ಮೃತಿಯ ವಿಳಾಸಗಳೂ ಹೀಗೆಯೇ. ಬಹುಪಾಲು ಯಂತ್ರಗಳಲ್ಲಿ ಇಂಥ ವಸ್ತುಗಳು ನಾಲ್ಕರ ಅಥವಾ ಎಂಟರ ಗುಣಕದ ವಿಳಾಸಗಳಲ್ಲೇ ಕೂರುವುದರಿಂದ ಕೊನೆಯ ಎರಡು ಬಿಟ್‌ಗಳಂತೂ ಸೊನ್ನೆಯೇ. ಕೊನೆಯದನ್ನು ಸರಪಳಿಯ ತುದಿಯ ಗುರುತು ಆಗಲೇ ಬಳಸುತ್ತಿತ್ತು. ಅದರ ಪಕ್ಕದ್ದನ್ನು ಅವರು ಚಿಲಕಕ್ಕೆ ತೆಗೆದುಕೊಂಡರು. ಗೂಡಿನಲ್ಲಿರುವ ವಿಳಾಸದ ಆ ಬಿಟ್ 1 ಆಗಿದ್ದರೆ ಯಾರೋ ಬರೆಯುತ್ತಿದ್ದಾರೆ ಎಂದರ್ಥ. ಹೊಸ ವಸ್ತುವನ್ನು ಸರಪಳಿಯ ತಲೆಗೆ ಸೇರಿಸುವಾಗ ಇನ್ನೂ ಒಂದು ಲಾಭ ಬಂತು. ಹೊಸ ವಿಳಾಸವನ್ನು ಗೂಡಿನಲ್ಲಿ ಬರೆದ ಕೂಡಲೇ ಆ ಬಿಟ್ ತಾನಾಗಿ ಸೊನ್ನೆಯಾಗುತ್ತದೆ. ಕೆಲಸ ಮುಗಿಸುವುದೂ ಚಿಲಕ ತೆಗೆಯುವುದೂ ಒಂದೇ ಕ್ರಿಯೆ.

ಇಷ್ಟು ಕೇಳಿದರೆ ಒಂದು ಸಂಜೆಯ ಕೆಲಸ ಎನ್ನಿಸಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೆ ಮುಂಚೆ ಮಾಡಿಕೊಂಡ ಒಂದು ಸಣ್ಣ ತಯಾರಿ. ದೊಡ್ಡ ಸ್ಮೃತಿ ಒಟ್ಟಿಗೆ ಸಿಗದಿದ್ದಾಗ ಆರ್‌ಹ್ಯಾಶ್‌ಟೇಬಲ್ ತನ್ನ ಗೂಡುಗಳನ್ನು ಹಾಳೆಹಾಳೆಯಾಗಿ, ಬೇಕಾದಾಗ ಬೇಕಾದಷ್ಟು ಕಟ್ಟಿಕೊಳ್ಳುತ್ತದೆ. ಒಂದೇ ಹಾಳೆಯನ್ನು ಇಬ್ಬರು ಒಟ್ಟಿಗೆ ಕಟ್ಟಲು ಹೊರಟರೆ ಏನು? ಹಾಗಾಗುತ್ತಿರಲಿಲ್ಲ. ಯಾಕೆಂದರೆ ಬೀಗಗಳ ಸಂಖ್ಯೆ ಕಡಿಮೆಯಿದ್ದುದರಿಂದ, ಒಂದು ಹಾಳೆಯ ಎಲ್ಲ ಗೂಡುಗಳಿಗೂ ಒಂದೇ ಬೀಗ ಬರುತ್ತಿತ್ತು. ಆ ಬೀಗ ಹಿಡಿದವರು ಒಬ್ಬರೇ. ಇದು ಎಲ್ಲಿಯೂ ಬರೆದಿಟ್ಟಿರದ ಒಪ್ಪಂದ. ಬೀಗಗಳ ಲೆಕ್ಕಾಚಾರದ ಅಡ್ಡಪರಿಣಾಮವಾಗಿ ಒಂದು ರಕ್ಷಣೆ ಸಿಕ್ಕಿತ್ತು, ಅದರ ಮೇಲೆ ಕಟ್ಟಡ ನಿಂತಿತ್ತು. ಗೂಡಿಗೊಂದು ಚಿಲಕ ಬಂದ ದಿನ ಆ ರಕ್ಷಣೆ ಸದ್ದಿಲ್ಲದೆ ಹೋಗುತ್ತದೆ. ಅಲ್ಲದೆ ಚಿಲಕ ಇರುವುದೇ ಗೂಡಿನಲ್ಲಿ. ಗೂಡೇ ಇನ್ನೂ ಕಟ್ಟಿಲ್ಲದಿರುವಾಗ ಯಾವ ಚಿಲಕ ಹಾಕುವುದು? ಬ್ರೌನ್ ಇದನ್ನು ಮೊದಲೇ ಗುರುತಿಸಿ, ಹಾಳೆ ಕಟ್ಟುವ ಜಾಗದಲ್ಲಿ ಬೀಗದ ಹಂಗಿಲ್ಲದ ಬೇರೆ ಉಪಾಯ ಹೂಡಿದರು. ಇಬ್ಬರೂ ಕಟ್ಟಲಿ. ‘ಈ ಜಾಗ ಇನ್ನೂ ಖಾಲಿಯಿದ್ದರೆ ಮಾತ್ರ ನನ್ನದನ್ನು ಇಡು’ ಎಂಬ ಒಂದೇ ಅವಿಭಾಜ್ಯ ಸೂಚನೆಯಿಂದ ಒಬ್ಬರದ್ದು ಒಳಗೆ ಸೇರುತ್ತದೆ. ಇನ್ನೊಬ್ಬರು ತಮ್ಮದನ್ನು ಬಿಟ್ಟುಕೊಟ್ಟು ಅಲ್ಲಿರುವುದನ್ನೇ ಬಳಸುತ್ತಾರೆ. ಈ ತಯಾರಿಯಾದ ಮೇಲೆಯೇ ಬೀಗಗಳನ್ನು ತೆಗೆದದ್ದು.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಗೂಡಿನಲ್ಲಿರುವ ವಿಳಾಸದಲ್ಲಿ ಈಗ ಚಿಲಕದ ಬಿಟ್ ಬೆರೆತಿರಬಹುದು. ಅದನ್ನು ಒರೆಸದೆ ಹಾಗೇ ಹಿಡಿದು ಹೋದರೆ ತಪ್ಪು ಜಾಗಕ್ಕೆ ಹೋಗುತ್ತೇವೆ. ಸರಪಳಿಯ ನಡುವಿನ ವಿಳಾಸಗಳಲ್ಲಿ ಆ ಅಪಾಯವಿಲ್ಲ. ಎರಡೂ ನೋಡಲು ಒಂದೇ ಥರ. ಹಾಗಾಗಿ ಗೂಡಿನ ತಲೆಯ ವಿಳಾಸಕ್ಕೆ ಬೇರೆಯದೇ ಒಂದು ಜಾತಿಯ ಹೆಸರು ಕೊಟ್ಟರು. ಈಗ ಯಾರಾದರೂ ಮರೆತು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಕಂಪೈಲರ್ ಅಲ್ಲೇ ಆಕ್ಷೇಪಿಸುತ್ತದೆ. ನೆನಪಿನ ಮೇಲೆ ನಿಂತಿದ್ದ ನಿಯಮವೊಂದು ಹೀಗೆ ಬರವಣಿಗೆಗೆ ಇಳಿಯಿತು.

ಆದರೂ ಒಂದು ತೊಡಕು ಬಂತು, ಅದೂ ಯಾರೂ ಎಣಿಸದ ದಿಕ್ಕಿನಿಂದ. ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲೂ ಅಮಿಗಾದಲ್ಲೂ ಇದ್ದದ್ದು ಮೊಟೊರೊಲಾದ 68000 ಬಳಗದ ಪ್ರೊಸೆಸರ್. ಲಿನಕ್ಸ್ ಇಂದಿಗೂ ಆ ಬಳಗವನ್ನು ಕೈಬಿಟ್ಟಿಲ್ಲ. ಅದರಲ್ಲಿ ವಸ್ತುಗಳು ಎರಡರ ಗುಣಕದ ವಿಳಾಸದಲ್ಲೂ ಕೂರಬಹುದು. ಅಂದರೆ ಖಾಲಿ ಉಳಿಯುವುದು ಒಂದೇ ಬಿಟ್, ಬೇಕಿದ್ದುದು ಎರಡು. ಚಿಲಕವೂ ತುದಿಯ ಗುರುತೂ ಒಂದೇ ಜಾಗಕ್ಕೆ ಹಕ್ಕು ಹೂಡಿದವು. ಹೊಸ ಚಿಲಕ ಆ ಯಂತ್ರದಲ್ಲಿ ಕೆಲಸ ಮಾಡುವುದಿಲ್ಲ ಎಂದು ಪರೀಕ್ಷೆ ಮಾಡುವವರು ತಿಳಿಸಿದರು. ‘ನಲವತ್ತು ವರ್ಷ ಹಳೆಯ ಚಿಪ್, ಬಿಟ್ಟುಬಿಡೋಣ’ ಎನ್ನುವುದು ಸುಲಭವಿತ್ತು.

ಬ್ರೌನ್ ಬಿಡಲಿಲ್ಲ, ಒಂದು ಪ್ರಶ್ನೆ ಕೇಳಿಕೊಂಡರು: ಈ ಎರಡೂ ನಿಜವಾಗಿ ಎಂದಾದರೂ ಒಂದೇ ಕಡೆ ಬೇಕಾಗುತ್ತವೆಯೇ? ಚಿಲಕ ಬೇಕಿರುವುದು ಗೂಡಿನ ತಲೆಯಲ್ಲಿ ಮಾತ್ರ. ತುದಿಯ ಗುರುತು ಬೇಕಿರುವುದು ಒಂದು ವಸ್ತುವಿನಿಂದ ಮುಂದಿನದಕ್ಕೆ ಹೋಗುವ ಕೊಂಡಿಯಲ್ಲಿ ಮಾತ್ರ, ಯಾಕೆಂದರೆ ಜಾಗ ಬದಲಿಸುವುದು ವಸ್ತುಗಳು, ಗೂಡಿನ ತಲೆ ಎಲ್ಲಿಗೂ ಹೋಗುವುದಿಲ್ಲ. ಹಾಗಿದ್ದರೆ ಒಂದೇ ಬಿಟ್ ಸಾಕು. ತಲೆಯಲ್ಲಿದ್ದರೆ ಚಿಲಕ, ಕೊಂಡಿಯಲ್ಲಿದ್ದರೆ ಗುರುತು. ಎರಡಕ್ಕೂ ಬೇರೆ ಬೇರೆ ಜಾತಿಯ ಹೆಸರು ಆಗಲೇ ಇದ್ದದ್ದರಿಂದ ಬದಲಾವಣೆ ಕಷ್ಟವಾಗಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅನುಸ್ವಾರ. ಅಂಗಡಿ, ಅಂಚು, ಅಂಟು, ಅಂದ, ಅಂಬು: ಬರೆಯುವುದು ಒಂದೇ ಸೊನ್ನೆ, ಉಲಿಯುವುದು ಐದು ಅನುನಾಸಿಕ. ಮುಂದಿನ ಅಕ್ಷರ ಯಾವುದೆಂದು ಗೊತ್ತಿರುವುದರಿಂದ ಯಾರೂ ತಡವರಿಸುವುದಿಲ್ಲ. ಹಳೆಯ ಯಂತ್ರವೊಂದರ ತಕರಾರಿನಿಂದ ಹೊಸ ಯಂತ್ರಗಳಿಗೂ ಮೊದಲಿಗಿಂತ ಅಚ್ಚುಕಟ್ಟಾದ ರಚನೆ ಸಿಕ್ಕಿತು.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಕರ್ನಲ್ಲಿನ ಸಾಮಾನ್ಯ ಬೀಗದಲ್ಲಿ ಸರದಿ ಇರುತ್ತದೆ, ಮೊದಲು ಬಂದವರಿಗೆ ಮೊದಲು. ಒಂದು ಬಿಟ್‌ನಲ್ಲಿ ಸರದಿ ಬರೆದಿಡಲು ಜಾಗವಿಲ್ಲ. ಬಾಗಿಲ ಮುಂದೆ ನಾಲ್ವರು ನಿಂತು ‘ತೆಗೆಯಿತಾ, ತೆಗೆಯಿತಾ’ ಎಂದು ತಳ್ಳಿ ನೋಡುತ್ತಿದ್ದರೆ, ತೆಗೆದ ಗಳಿಗೆಯಲ್ಲಿ ಯಾರ ಕೈ ತಾಗಿತೋ ಅವರು ಒಳಗೆ. ಪಾಪದವನೊಬ್ಬ ಹೊರಗೇ ಉಳಿಯಬಹುದು. ಬ್ರೌನ್ ಇದನ್ನು ಮುಚ್ಚಿಡಲಿಲ್ಲ. ಬಾಗಿಲುಗಳೇ ಇಷ್ಟೊಂದಿರುವಾಗ ಒಂದೇ ಬಾಗಿಲಲ್ಲಿ ಅಷ್ಟು ನೂಕುನುಗ್ಗಲು ನಂಬುವಂಥದ್ದಲ್ಲ ಎಂಬುದು ಅವರ ವಾದ. ಬೀಗಗಳ ಕ್ರಮವನ್ನು ಕಾಯುವ ಲಾಕ್‌ಡೆಪ್ ಎಂಬ ಕಾವಲುಗಾರನಿಗೂ ಬಿಟ್‌ನಲ್ಲಿ ಜಾಗವಿಲ್ಲ. ಇಬ್ಬರು ಒಬ್ಬೊಬ್ಬರ ಬೀಗಕ್ಕಾಗಿ ಕಾಯುತ್ತಾ ಇಬ್ಬರೂ ಶಾಶ್ವತವಾಗಿ ನಿಂತುಬಿಡುವ ಸ್ಥಿತಿ ಬರುವ ಮುಂಚೆಯೇ ಎಚ್ಚರಿಸುವುದು ಆ ಕಾವಲುಗಾರನ ಕೆಲಸ. ಹಾಗಾಗಿ ಇಡೀ ಟೇಬಲ್ಲಿಗೆ ಒಂದು ಲೆಕ್ಕದ ಪುಸ್ತಕವನ್ನು ಬೇರೆಯಾಗಿ ಇಟ್ಟು, ಚಿಲಕ ಹಾಕುವಾಗ ತೆಗೆಯುವಾಗ ಅದರಲ್ಲಿ ಬರೆಯುವ ಏರ್ಪಾಟು ಮಾಡಿದರು. ಸಾಗಾಟದ ಹೊತ್ತಿನಲ್ಲಿ ಎರಡು ಚಿಲಕ ಹಿಡಿಯಬೇಕಾದಾಗ ಯಾವಾಗಲೂ ಮೊದಲು ಹಳೆಯ ಗೂಡಿನದ್ದು, ಆಮೇಲೆ ಹೊಸದರದ್ದು. ಎಲ್ಲರೂ ಒಂದೇ ಕ್ರಮ ಪಾಲಿಸಿದರೆ ಯಾರೂ ಸಿಕ್ಕಿಬೀಳುವುದಿಲ್ಲ.

ಈ ಬಗೆಯ ಬದಲಾವಣೆಗಳ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವಿದೆ. ಬೀಗದ ಕೋಡ್ ಬದಲಾಯಿಸುವ ಮುಂಚೆ ಅದರಲ್ಲಿ ಅಡಗಿರುವ, ಎಲ್ಲಿಯೂ ಬರೆದಿಡದ ಒಪ್ಪಂದಗಳನ್ನು ಹೊರತೆಗೆದು ಬರೆಯುವುದು, ಬದಲಾದ ಮೇಲೆ ಅವುಗಳಲ್ಲಿ ಯಾವುವು ಉಳಿದಿವೆ ಎಂದು ಪರೀಕ್ಷಿಸುವುದು ಅದರ ವಿಷಯ. ವಾರ್ಷಿಕ ಪರಿಶೀಲನೆಯಲ್ಲಿ ಸಮಿತಿಯ ಹಿರಿಯರೊಬ್ಬರು ಅದನ್ನು ತಿರುವಿಹಾಕಿ, “ಇದರಲ್ಲಿ ಹೊಸದೇನಿದೆಯಮ್ಮ? ಇರುವುದನ್ನೇ ವಿವರಿಸಿದ್ದೀರಿ” ಎಂದರು. ಕೋಪದಿಂದ ಹೇಳಿದ ಮಾತಲ್ಲ ಅದು. ಅವರ ಪ್ರಶ್ನೆಗೆ ಹಿನ್ನೆಲೆಯೂ ಇದೆ. ಫೆಲೋಶಿಪ್ ಮುಗಿಯುವ ದಿನಾಂಕ ಗೊತ್ತಿದೆ, ಅಷ್ಟರೊಳಗೆ ಪ್ರಕಟಣೆಗಳು ಬೇಕು. ಹೊಸ ಬಗೆಯ ಬೀಗವೊಂದನ್ನು ಕಟ್ಟಿ, ಇರುವುದಕ್ಕಿಂತ ವೇಗ ಎಂದು ತೋರಿಸಿದರೆ ಪ್ರಕಟಣೆ ಸಿಗುವುದು ಸುಲಭ. ಇರುವ ಬೀಗ ಯಾಕೆ ಇಷ್ಟು ವರ್ಷ ಕೆಡದೆ ನಿಂತಿದೆ ಎಂದು ವಿವರಿಸಿದರೆ ‘ಅದರಿಂದೇನು’ ಎಂಬ ಪ್ರಶ್ನೆ ಬರುತ್ತದೆ. ಅಧ್ಯಾಯವನ್ನು ಇಟ್ಟುಕೊಂಡರೆ ಇನ್ನೊಂದು ವರ್ಷ ಬೇಕಾಗಬಹುದು, ಕೈಬಿಟ್ಟರೆ ಪ್ರಬಂಧ ಬೇಗ ಮುಗಿಯುತ್ತದೆ.

ನನ್ನ ಜೊತೆ ಹಾಸ್ಟೆಲಿನಲ್ಲಿರುವ ಗೆಳತಿಯೊಬ್ಬಳು ಹಳಗನ್ನಡ ಕಾವ್ಯವೊಂದರ ಓಲೆಪ್ರತಿಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಹಾಳೆ ಕಟ್ಟುವ ಆ ಗುಟ್ಟಿನ ಒಪ್ಪಂದದ ಕತೆಯನ್ನು ಅವಳಿಗೆ ಹೇಳಿದೆ. ಅವಳು ನಕ್ಕು, “ನಿಂದೂ ನಂದೂ ಒಂದೇ ಕಸುಬು ಕಣೇ” ಎಂದಳು. ಗ್ರಂಥಸಂಪಾದನೆಯಲ್ಲಿ ಎಲ್ಲಕ್ಕಿಂತ ಅಪಾಯದ ಲಿಪಿಕಾರ ಬುದ್ಧಿವಂತನಂತೆ. ದಡ್ಡ ಲಿಪಿಕಾರ ಅಕ್ಷರ ತಪ್ಪಿಸುತ್ತಾನೆ, ಅದು ಕಣ್ಣಿಗೆ ಬೀಳುತ್ತದೆ. ಬುದ್ಧಿವಂತ ತನಗೆ ಅರ್ಥವಾಗದ ಶಬ್ದವನ್ನು ಅರ್ಥವಾಗುವ ಶಬ್ದಕ್ಕೆ ‘ತಿದ್ದಿ’ ಬರೆಯುತ್ತಾನೆ. ಸಾಲು ಸಲೀಸಾಗಿ ಓದಿಸಿಕೊಳ್ಳುತ್ತದೆ, ಕವಿಯ ಮಾತು ಮಾತ್ರ ಕಳೆದುಹೋಗಿರುತ್ತದೆ. ಆದ್ದರಿಂದಲೇ ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲವಿರಬಹುದೆಂದು ಸಂಪಾದಕರು ಮೊದಲು ಅನುಮಾನಿಸುತ್ತಾರೆ. “ವಿಚಿತ್ರ ಅನ್ನಿಸಿದ ಕಡೆ ಕೈಹಾಕೋಕೆ ಮುಂಚೆ, ಇದು ಯಾಕೆ ಹೀಗಿದೆ ಅಂತ ಹತ್ತು ಸಲ ಕೇಳ್ಬೇಕು. ಹೊಸದಾಗಿ ಏನೂ ಬರೀದೇ ಇರೋದೇ ನಮ್ಮ ಕೆಲಸದ ಕಷ್ಟ” ಎಂದಳು ಅವಳು.

ಅವಳ ಮಾತನ್ನು ನಾನು ಹಾಗೇ ಒಪ್ಪಲಿಲ್ಲ. ಓಲೆಪ್ರತಿಯ ಕವಿ ತೀರಿಕೊಂಡಿದ್ದಾನೆ, ಅವನ ಮಾತನ್ನು ಉಳಿಸುವುದೇ ಸಂಪಾದಕಿಯ ಗುರಿ. ಕರ್ನಲ್ಲಿನ ಕೋಡ್ ಪ್ರತಿ ವಾರ ಬದಲಾಗುತ್ತಲೇ ಇರುತ್ತದೆ, ಅದನ್ನು ಬದಲಿಸದೆ ಕಾಪಾಡಲು ಆಗುವುದಿಲ್ಲ. ಆದರೆ ಒಂದು ಮಾತು ಎರಡಕ್ಕೂ ಹೊಂದುತ್ತದೆ. ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು ಎಂಬ ಗೆರೆ ಎಳೆಯಲು ಬೇಕಾದ ತಿಳಿವಳಿಕೆ ಕಡಿಮೆಯದ್ದಲ್ಲ. ಬ್ರೌನ್ ಅವರ ಬದಲಾವಣೆಯಲ್ಲಿ ಹೊಸದು ಎನ್ನುವುದು ಹೆಚ್ಚೇನಿಲ್ಲ. ಬಿಟ್‌ನಲ್ಲಿ ಬೀಗ ಇಡುವ ಉಪಾಯ ಕರ್ನಲ್ಲಿನಲ್ಲಿ ಅದಕ್ಕೂ ಮುಂಚೆ ಇತ್ತು, ವಿಳಾಸದ ಖಾಲಿ ಬಿಟ್ ಬಳಸುವುದು ಇನ್ನೂ ಹಳೆಯ ವಿದ್ಯೆ. ಹೊಸದಾಗಿ ಸಿಕ್ಕಿದ್ದು ಒಂದೇ: ಹಾಳೆ ಕಟ್ಟುವ ಜಾಗದಲ್ಲಿ ಒಂದು ರಕ್ಷಣೆ ಆಕಸ್ಮಿಕವಾಗಿ ನಿಂತಿದೆ ಎಂಬ ಅರಿವು. ಅದು ಅಲ್ಲಿಯವರೆಗೆ ಕೋಡಿನಲ್ಲಿತ್ತು, ಬರಹದಲ್ಲಿರಲಿಲ್ಲ. ಅದನ್ನು ಬರೆದಿಟ್ಟದ್ದು ನನ್ನ ದೃಷ್ಟಿಯಲ್ಲಿ ಜ್ಞಾನಕ್ಕೆ ಸೇರಿದ ಸಂಗತಿ. ಅಂಥ ಅರಿವನ್ನು ಒಬ್ಬ ನುರಿತ ಪ್ರೋಗ್ರಾಮರ್ ಕಣ್ಣಿನಿಂದ ಹಿಡಿಯಬಲ್ಲರಾದರೆ, ಅವರಷ್ಟು ನುರಿತಿಲ್ಲದವರೂ ಹಿಡಿಯುವಂತೆ ಒಂದು ವಿಧಾನ ಕಟ್ಟುವುದು ಸಂಶೋಧನೆಯೇ ಎಂದು ನಾನು ಸಮಿತಿಗೆ ಬರೆದು ಕೊಟ್ಟಿದ್ದೇನೆ. ಅಧ್ಯಾಯವನ್ನು ತೆಗೆದಿಲ್ಲ. ಅವರು ಏನು ಹೇಳುತ್ತಾರೋ ಮುಂದಿನ ಪರಿಶೀಲನೆಯಲ್ಲಿ ಗೊತ್ತಾಗುತ್ತದೆ.

ನೀವು ಈ ಬರಹವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಅದರೊಳಗಿರುವುದೂ ಲಿನಕ್ಸ್ ಕರ್ನಲ್ಲೇ. ಕಳೆದ ಕೆಲವು ವರ್ಷಗಳ ಫೋನಾಗಿದ್ದರೆ ನಾನು ಹೇಳಿದ ಚಿಲಕಗಳೂ ಅಲ್ಲಿವೆ. ಫೋನು ವೈಫೈಗೆ ಸೇರಿಕೊಂಡು ಅದರೊಳಗಿನ ಪ್ರೋಗ್ರಾಮುಗಳು ಕರ್ನಲ್ಲಿನ ಜೊತೆ ಮಾತಾಡಲು ಹೊರಟಾಗ ಯಾವುದೋ ಗೂಡಿನ ಕೊನೆಯ ಬಿಟ್ ಒಂದು ಗಳಿಗೆ 1 ಆಗಿ, ವಿಳಾಸ ಬರೆದ ಕೂಡಲೇ ಮತ್ತೆ 0 ಆಗಿರುತ್ತದೆ. ರಂಗನ ಕಾಗದವೂ ನಿಂಗನ ಕಾಗದವೂ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ.